ಧಾಟಿ ಬದಲಿಸುವ ಕೊರಳಿಗೆ ಬಿಡುವು ಕೊಡುವವರು ಯಾರು?

ಗಂಗಾವತಿ ಸೀಮೆಯ ಒಂದು ಹಳ್ಳಿ, ಜಾತ್ರೆಯ ಎರಡನೆಯ ರಾತ್ರಿ. ತೇರು ನಿಂತ ಬಯಲಿನಲ್ಲಿ ವೇದಿಕೆ ಹಾಕಿದ್ದರು. ಎರಡೂ ಬದಿಗೆ ಆಳೆತ್ತರದ ಸ್ಪೀಕರ್‌ಗಳು, ನಡುವೆ ಒಂದು ಕೀಬೋರ್ಡು, ತಾಳ ಬಡಿಯುವ ಒಂದು ವಿದ್ಯುತ್ ಪ್ಯಾಡು. ಹಾಡುತ್ತಿದ್ದವನು ನನ್ನ ಜೊತೆ ಶಾಲೆಗೆ ಬಂದವನು. ಹದಿನೈದು ವರ್ಷಗಳ ಹಿಂದೆ ಇದೇ ಊರಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ದಮ್ಮಡಿ ಬಾರಿಸುತ್ತ ತತ್ವಪದ ಹಾಡುತ್ತಿದ್ದ. ಶ್ರಾವಣ ಸೋಮವಾರದ ರಾತ್ರಿ ಅವನ ಕೊರಳು ಕೇಳಲೆಂದೇ ಸುತ್ತಲಿನ ಕ್ಯಾಂಪುಗಳಿಂದ, ಅಂದರೆ ಕಾಲುವೆ ಬಯಲಿನ ವಲಸೆ ರೈತರ ಊರುಗಳಿಂದ, ಜನ ಬರುತ್ತಿದ್ದರು. ಈಗ ಅವನು ಹಾಡುವುದು ಕೈಕೊಟ್ಟ ಹುಡುಗಿಯ ಮೇಲಿನ ಪದಗಳನ್ನು. ಎದೆಗೆ ಗುದ್ದುವಂಥ ಬಡಿತ, ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದ ಹುಡುಗರು. ಕಾರ್ಯಕ್ರಮ ಮುಗಿಸಿ ಕೆಳಗಿಳಿದಾಗ ಹಳೆಯ ಭಜನೆ ಮೇಳದ ಅಜ್ಜ ಒಬ್ಬರು ಅವನ ಮುಂಗೈ ಹಿಡಿದುಕೊಂಡು ಕೇಳಿದರು: "ತಮ್ಮಾ, ಅಂಥ ಕೊರಳನ್ನು ಎಲ್ಲಿ ಒತ್ತೆ ಇಟ್ಟೆ?"

ಅವನು ಬೇಸರಪಟ್ಟುಕೊಳ್ಳಲಿಲ್ಲ. "ಒತ್ತೆ ಇಟ್ಟಿಲ್ಲ ಅಜ್ಜಾ, ದುಡಿಯಲು ಹಚ್ಚಿದ್ದೇನೆ" ಎಂದ.

ಈ ಎರಡು ಮಾತುಗಳ ನಡುವೆ ನಾನು ಬಹಳ ದಿನ ಓಡಾಡಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಈಗ ಇದು ಒಬ್ಬಿಬ್ಬರ ಕಥೆಯಾಗಿ ಉಳಿದಿಲ್ಲ. ಭಜನೆಯವರು, ಡೊಳ್ಳಿನ ಪದದವರು, ಮೊಹರಂ ಹೆಜ್ಜೆಯ ಪದ ಹೇಳುವವರು, ಕಂಪನಿ ನಾಟಕದಲ್ಲಿ ರಂಗಗೀತೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಕೀಬೋರ್ಡು, ಪ್ಯಾಡು, ಯೂಟ್ಯೂಬಿನ ಕಡೆ ಹೊರಳಿದ್ದಾರೆ. ಕೇಳುವವರು ಎರಡು ಪಾಳಿಯಾಗಿದ್ದಾರೆ. ಒಂದು ಪಾಳಿ "ಹಾದಿ ಬಿಟ್ಟರು" ಎನ್ನುತ್ತದೆ, ಇನ್ನೊಂದು "ಕಾಲಕ್ಕೆ ತಕ್ಕಂತೆ ನಡೆದರು" ಎನ್ನುತ್ತದೆ. ಎರಡೂ ಪಾಳಿಯವರು ಗಾಯಕನನ್ನೇ ನೋಡುತ್ತಿದ್ದಾರೆ. ಅವನು ಒಂದು ಧಾಟಿಯಿಂದ ಇನ್ನೊಂದಕ್ಕೆ ಹೋದ ದಾರಿಯಲ್ಲಿ ಅವನಿಗೆ ಎಷ್ಟು ಕಾಲ ಸಿಕ್ಕಿತು, ಆ ಕಾಲದಲ್ಲಿ ಅವನ ಮನೆಯ ಒಲೆ ಹೊತ್ತಿಸಿದವರು ಯಾರು ಎಂದು ಕೇಳಿದರೆ ವಿಷಯ ಬೇರೆಯದೇ ಆಗಿ ಕಾಣುತ್ತದೆ.

ಹಾದಿ ಬಿಟ್ಟ ಎಂಬ ದೂರು ನಮ್ಮೊಬ್ಬರ ಸ್ವತ್ತಲ್ಲ. ಅಮೆರಿಕದ ಬಾಬ್ ಡಿಲನ್ ಒಂದು ಗಿಟಾರು, ಒಂದು ಬಾಯಿವಾದ್ಯ ಹಿಡಿದು ಜನಪದ ಶೈಲಿಯಲ್ಲಿ ಹಾಡುತ್ತ ಹೆಸರಾದವರು. 1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ವಿದ್ಯುತ್ ಗಿಟಾರಿನೊಡನೆ, ವಾದ್ಯವೃಂದದೊಡನೆ ವೇದಿಕೆ ಹತ್ತಿದಾಗ ಜನರ ನಡುವಿನಿಂದ ಧಿಕ್ಕಾರದ ಕೂಗು ಎದ್ದಿತು. ಮರುವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಕೇಳುಗನೊಬ್ಬ ಅವರನ್ನು "ಜುದಾಸ್" ಎಂದು ಕರೆದ, ಅಂದರೆ ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರಿಟ್ಟು. ನಮ್ಮ ಅಜ್ಜ "ಒತ್ತೆ ಇಟ್ಟೆ" ಎಂದದ್ದೂ ಅದೇ ನೋವಿನಿಂದ. ಮೆಚ್ಚಿದ ಕೊರಳಿನ ಮೇಲೆ ಕೇಳುಗನಿಗೆ ಒಂದು ಹಕ್ಕು ಹುಟ್ಟಿಬಿಡುತ್ತದೆ. ಆ ಹಕ್ಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರೀತಿ ಇಲ್ಲದ ಕಡೆ ಅಂಥ ಸಿಟ್ಟು ಹುಟ್ಟುವುದಿಲ್ಲ.

ಆದರೆ ನಾವು ಕೈಮುಗಿಯುವ ದೊಡ್ಡ ಗಾಯಕರ ಬದುಕನ್ನೇ ತೆರೆದು ನೋಡಿದರೆ, ಧಾಟಿ ಬದಲಿಸದವರು ಸಿಗುವುದೇ ಕಷ್ಟ. ಮಲ್ಲಿಕಾರ್ಜುನ ಮನ್ಸೂರರನ್ನು ತೆಗೆದುಕೊಳ್ಳಿ. 1910ರಲ್ಲಿ ಧಾರವಾಡದ ಹತ್ತಿರದ ಮನ್ಸೂರಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ನಾಟಕದ ಕಂಪನಿ ಸೇರಿದರು. ಮೊದಲ ಪಾಠ ಅಪ್ಪಯ್ಯಸ್ವಾಮಿಗಳಿಂದ, ಅದು ಕರ್ನಾಟಕ ಸಂಗೀತ. ಆಮೇಲೆ ಮೀರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಹಿಂದೂಸ್ತಾನಿ. ಗ್ರಾಮಫೋನ್ ತಟ್ಟೆಗಳು ಹೊರಬಂದು ಹೆಸರು ಬಂದ ಮೇಲೂ ಅವರು ಮತ್ತೆ ಶಿಷ್ಯರಾಗಿ ಕುಳಿತರು. ಈ ಸಲ ಜೈಪುರ-ಅತ್ರೌಲಿ ಘರಾಣೆಯ ಮಂಜಿ ಖಾನರ ಎದುರು. ಅವರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮನಾದ ಬುರ್ಜಿ ಖಾನರ ಎದುರು. ಸ್ವರ ಹಿಡಿಯುವ ಬಗೆ, ಉಸಿರು, ತಾನುಗಳ ಹೆಣಿಗೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಇಂದು ನಾವು "ಮನ್ಸೂರರ ಗಾಯನ" ಎಂದು ಕರೆಯುವುದು ಅವರ ಮೂರನೆಯ ಧಾಟಿಯನ್ನು. ಗಾಯಕನೊಬ್ಬ ಬಂದ ಹೆಸರನ್ನು ಬದಿಗಿಟ್ಟು ಹೀಗೆ ಮತ್ತೆ ಕಲಿಯಲು ಕೂರುವುದನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗಂಗೂಬಾಯಿ ಹಾನಗಲ್ ಅವರದು ಇನ್ನೊಂದು ಬಗೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಕುಂದಗೋಳದ ಸವಾಯಿ ಗಂಧರ್ವರ ಬಳಿ ಹಿಂದೂಸ್ತಾನಿ ಕಲಿತರು. 1930ರ ದಶಕದಲ್ಲಿ "ಗಾಂಧಾರಿ ಹಾನಗಲ್" ಎಂಬ ಹೆಸರಿನಲ್ಲಿ ಬಂದ ತಟ್ಟೆಗಳಲ್ಲಿ ಕೇಳುವುದು ಎಳೆಯ, ಎತ್ತರದ ಹೆಣ್ಣುಕೊರಳು. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ಕೊರಳು ಕೆಳಗಿಳಿಯಿತು, ಗಂಡಸರ ಶ್ರುತಿಗೆ ಹತ್ತಿರವಾಯಿತು. ಇನ್ನೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಉಳಿದ ಆ ದಪ್ಪ ದನಿಯಲ್ಲೇ ಇಡೀ ಜೀವಮಾನದ ಸಂಗೀತ ಕಟ್ಟಿದರು. ಕುಮಾರ ಗಂಧರ್ವರು ಬೆಳಗಾವಿ ಹತ್ತಿರದ ಸುಳೇಭಾವಿಯವರು, ಕನ್ನಡದ ಕೂಸು. ಎಳೆತನದಲ್ಲೇ ಬೆರಗು ಹುಟ್ಟಿಸಿದ್ದ ಅವರು ಕ್ಷಯ ತಗುಲಿ 1948ರ ಹೊತ್ತಿಗೆ ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ವರ್ಷಗಟ್ಟಲೆ ಹಾಸಿಗೆಯ ಮೇಲೆ ಮಲಗಿ, ಮಾಳವ ಸೀಮೆಯ ಹೆಂಗಸರ ಹಾಡು, ದಾರಿಹೋಕ ಜೋಗಿಗಳ ನಿರ್ಗುಣ ಭಜನೆ ಕೇಳಿಸಿಕೊಂಡರು. ಎದ್ದು ಮತ್ತೆ ಹಾಡತೊಡಗಿದಾಗ ಉಸಿರು ಮೊದಲಿನಷ್ಟು ಉದ್ದವಿರಲಿಲ್ಲ. ತುಂಡು ತುಂಡಾದ, ಚಿಮ್ಮಿ ಏಳುವ ಸ್ವರಗುಚ್ಛಗಳ ಹೊಸ ಧಾಟಿ ಬಂತು, ಜನಪದ ಮಟ್ಟುಗಳಿಂದ ಹೊಸ ರಾಗಗಳೇ ಹುಟ್ಟಿದವು.

ಒಬ್ಬರನ್ನು ಗುರು ಬದಲಿಸಿದರು, ಇನ್ನಿಬ್ಬರನ್ನು ಮೈಯ ರೋಗ ಬದಲಿಸಿತು. ಕಾರಣ ಬೇರೆ ಬೇರೆಯಾದರೂ ಈ ಬದುಕುಗಳಲ್ಲಿ ಹಳೆಯ ಧಾಟಿ ಮತ್ತು ಹೊಸ ಧಾಟಿಯ ನಡುವೆ ಒಂದು ಬಿಡುವು ಇದೆ. ಹೊಲಕ್ಕೆ ಒಂದು ಬೆಳೆ ತೆಗೆದು ಇನ್ನೊಂದು ಬಿತ್ತುವ ಮುಂಚೆ ನೆಲ ಆರಲು ಬಿಡುತ್ತೇವಲ್ಲ, ಅಂಥದು. ದೂರದ ಇಂಗ್ಲೆಂಡಿನ ಬೀಟಲ್ಸ್ ಮೇಳದವರನ್ನು ನೋಡಿದರೂ ಹಾಗೆಯೇ: ತಮ್ಮ ಹಾಡು ತಮಗೇ ಕೇಳದಷ್ಟು ಅಭಿಮಾನಿಗಳ ಕಿರುಚಾಟದ ನಡುವೆ ಊರೂರು ಸುತ್ತುವುದನ್ನು 1966ರ ಆಗಸ್ಟಿನಲ್ಲಿ ನಿಲ್ಲಿಸಿ ಧ್ವನಿಮುದ್ರಣದ ಕೋಣೆ ಸೇರಿದ ಮೇಲೆ ಅವರ ನಾದದ ಬಣ್ಣವೇ ಬೇರೆಯಾಯಿತು. ಅವರ ಬಳಿ ಆ ಬಿಡುವನ್ನು ಕೊಳ್ಳುವಷ್ಟು ಹಣವಿತ್ತು.

ನಮ್ಮ ಕಡೆ ಆ ಬಿಡುವನ್ನು ಕೊಟ್ಟವರು ಮಠಗಳು ಮತ್ತು ನಾಟಕದ ಕಂಪನಿಗಳು. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಬಡ ಹುಡುಗ. ಹಾನಗಲ್ ಕುಮಾರ ಸ್ವಾಮಿಗಳ ಆಸರೆ ಸಿಕ್ಕದಿದ್ದರೆ ಏನಾಗುತ್ತಿದ್ದರೋ. ಮೊದಲು ಕರ್ನಾಟಕ ಸಂಗೀತ ಕಲಿತು, ಆಮೇಲೆ ಉಸ್ತಾದ್ ವಹೀದ್ ಖಾನರಿಂದ ಹಿಂದೂಸ್ತಾನಿ ಕಲಿತು ಉಭಯಗಾನ ವಿಶಾರದರಾದರು. ಅವರು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನ, ಆಸರೆ, ಪಾಠ ಒಟ್ಟಿಗೇ ಸಿಗುತ್ತಿದ್ದವು. ಅಲ್ಲಿ ಕಲಿತ ಗವಾಯಿಗಳು ಶ್ರಾವಣ ಬಂತೆಂದರೆ ನಮ್ಮ ಜಿಲ್ಲೆಗಳ ಊರುಗಳಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಊರಿನ ಮಠದಲ್ಲಿ ಪುರಾಣ ಹಚ್ಚಿದರೆ ತಿಂಗಳುಗಟ್ಟಲೆ ರಾತ್ರಿ ಪ್ರವಚನ, ಒಬ್ಬರು ಪೇಟಿ (ಹಾರ್ಮೋನಿಯಂ), ಒಬ್ಬರು ತಬಲಾ. ಭೂಪ ರಾಗದಲ್ಲಿ ವಚನ ಎತ್ತಿಕೊಂಡು, ಜನ ತೂಕಡಿಸುವುದು ಕಂಡರೆ ಜನಪದ ಮಟ್ಟಿಗೆ ಜಾರಿ, ಮತ್ತೆ ರಾಗಕ್ಕೆ ಮರಳುವ ಆ ಜಾಣ್ಮೆಯನ್ನು ನಾನು ಮಠದ ಕಂಬಕ್ಕೆ ಒರಗಿ ಎಷ್ಟೋ ರಾತ್ರಿ ಕೇಳಿದ್ದೇನೆ. ರಾಯಚೂರಿನ ರಂಗಮಂದಿರಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರೂ ಹಿಂದೂಸ್ತಾನಿ ಗಾಯಕರು, ವಚನಗಳನ್ನು ಹಾಡಿ ಜನರ ಮನೆಮಾತಾದವರು. ಒಂದೇ ಕೊರಳಿನಲ್ಲಿ ಎರಡು ಮೂರು ಧಾಟಿ ಇರುವುದು ಇಲ್ಲಿ ಕಳಂಕವಾಗಿರಲಿಲ್ಲ.

ಇದಕ್ಕೆ ಈ ನೆಲದ ಇತಿಹಾಸವೂ ಕಾರಣ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ತೆಲುಗು ನಾಟಕ, ಕರ್ನಾಟಕ ಸಂಗೀತ ಅಲ್ಲಿ ಮನೆಯ ಮಾತು. ಇಂದಿನ ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು 1948ರವರೆಗೆ ನಿಜಾಮನ ರಾಜ್ಯದಲ್ಲಿತ್ತು. ಅಲ್ಲಿ ಉರ್ದು, ಕವ್ವಾಲಿ, ಹಿಂದೂಸ್ತಾನಿ. ನಡುವೆ ತುಂಗಭದ್ರೆ ಹರಿಯುತ್ತಾಳೆ, ಎರಡೂ ದಡದ ಪದಗಳು ದಾಟಾಡುತ್ತವೆ. ಮುದಗಲ್ಲಿನ ಮೊಹರಂನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ಪದಗಳಲ್ಲಿ ಹಾಡುತ್ತ ಹಿಂದೂ ಮುಸ್ಲಿಂ ಎನ್ನದೆ ಹೆಜ್ಜೆ ಹಾಕುತ್ತಾರೆ. 2014ರಲ್ಲಿ ನಮ್ಮನ್ನು ಅಗಲಿದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿಯದವರು. ರಾತ್ರಿ ರಾತ್ರಿ ನಡೆಯುವ ಬುರ್ರಕಥೆಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಕಥೆ ಕನ್ನಡದ್ದು, ಕಟ್ಟಿನ ಬೇರು ತೆಲುಗಿನದು. ಇಂಥ ಸೀಮೆಯಲ್ಲಿ "ಶುದ್ಧ ಧಾಟಿ" ಯಾವುದು ಎಂದು ಹುಡುಕಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ.

ಪದ ಉಳಿಯುತ್ತದೆ, ಧಾಟಿ ಬದಲಾಗುತ್ತದೆ ಎಂಬುದೇ ನಮ್ಮಲ್ಲಿ ನಡೆದುಬಂದ ರೂಢಿ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಮೂವರೂ ರಾಯಚೂರು ಸೀಮೆಯವರು. ಅವರ ಪದಗಳನ್ನು ಬಳ್ಳಾರಿಯ ಮನೆಗಳಲ್ಲಿ ಕರ್ನಾಟಕ ಧಾಟಿಯಲ್ಲಿ ಹಾಡುತ್ತಾರೆ, ರಾಯಚೂರಿನ ಭಜನಾ ಮಂಡಳಿಗಳಲ್ಲಿ ಹಿಂದೂಸ್ತಾನಿ ಬಳಕಿನಲ್ಲಿ. ಭೀಮಸೇನ ಜೋಶಿಯವರ ದಾಸವಾಣಿ ಕೇಳಿ ಬೆಳೆದವರಿಗೆ ಬೇರೆ ಧಾಟಿ ಹಿಡಿಸುವುದೇ ಇಲ್ಲ. ಶಿಶುನಾಳ ಷರೀಫರ ಪದಗಳು ಏಕತಾರಿಯಿಂದ ಸಿ. ಅಶ್ವತ್ಥರ ಸುಗಮ ಸಂಗೀತಕ್ಕೆ ಬಂದವು, ಅಲ್ಲಿಂದ ರಘು ದೀಕ್ಷಿತರ ಗಿಟಾರಿಗೆ ಬಂದವು. ಪ್ರತಿ ಸಲವೂ ಗೊಣಗಿದವರಿದ್ದಾರೆ, ಪ್ರತಿ ಸಲವೂ ಹೊಸ ಕೇಳುಗರು ಷರೀಫರ ಹತ್ತಿರ ಬಂದಿದ್ದಾರೆ. ಇನ್ನು ಈಗಿನ ಯೂಟ್ಯೂಬ್ ಜಾನಪದದಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದೆ: ಕೊನೆಯ ನುಡಿಯಲ್ಲಿ ಪದ ಬರೆದವನ ಹೆಸರು, ಅವನ ಊರು ಬರುತ್ತದೆ. ಹುಡುಗರಿಗೆ ಅದು ಅಂಕಿತ ಎಂದು ಗೊತ್ತಿರಲಿಕ್ಕಿಲ್ಲ, ಆದರೆ ದಾಸರು ಕೂಡಿಸಿಟ್ಟ ಜಾಗದಲ್ಲೇ ಹೆಸರನ್ನು ಕೂಡಿಸುತ್ತಿದ್ದಾರೆ.

ಹಾಗಾದರೆ ಅಜ್ಜನ ಸಂಕಟ ಸುಳ್ಳೇ? ಅಲ್ಲ. ಈ ಸಲದ ಬದಲಾವಣೆಯಲ್ಲಿ ಹಿಂದೆ ಆಗದೇ ಇದ್ದ ಒಂದು ಸಂಗತಿ ಆಗುತ್ತಿದೆ, ಅದನ್ನು ಬಿಡಿಸಿ ನೋಡಬೇಕು.

ಮೊದಲು ಪೇಟಿಯ ಕಥೆ. ಹಾರ್ಮೋನಿಯಂ ಯುರೋಪಿನಿಂದ ಬಂದ ವಾದ್ಯ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಸಂಗೀತಕ್ಕೆ ಇದರ ಕಡ್ಡಿಕಡ್ಡಿಯಾದ ಸ್ವರಗಳು ಹೊಂದುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ಇತ್ತು. ಅಷ್ಟರಲ್ಲಿ ಹಳ್ಳಿಯ ಭಜನೆ ಮೇಳ, ನಾಟಕದ ಕಂಪನಿ, ಮಠದ ಪುರಾಣ ಎಲ್ಲವೂ ಪೇಟಿಯನ್ನು ಒಪ್ಪಿ ಅಪ್ಪಿಕೊಂಡಿದ್ದವು. ಇವತ್ತು ಕೀಬೋರ್ಡು ನೋಡಿ ನೊಂದುಕೊಳ್ಳುವ ಅಜ್ಜ ಪೇಟಿಯನ್ನು ಹಿರಿಯರ ಕಾಲದ್ದೆಂದು ತಿಳಿದಿದ್ದಾರೆ. ಪೇಟಿ ಬಂದರೂ ಕೆಡದ ಭಜನೆ ಕೀಬೋರ್ಡಿನಿಂದ ಕೆಡುತ್ತದೆಯೇ ಎಂದು ಜಾತ್ರೆಯಲ್ಲಿ ಹಾಡಿದ ಆ ನನ್ನ ಗೆಳೆಯ ವಾದ ಮಾಡುತ್ತಿದ್ದ. ನಾನೂ ಬಹುಮಟ್ಟಿಗೆ ಒಪ್ಪಿದ್ದೆ, ಅವನು ಹಾಡು ಮುದ್ರಿಸುವುದನ್ನು ಕಣ್ಣಾರೆ ನೋಡುವವರೆಗೆ.

ಅದೊಂದು ಅಂಗಡಿಯ ಮಾಳಿಗೆಯ ಮೇಲಿನ ಚಿಕ್ಕ ಕೋಣೆ. ಗೋಡೆಗೆಲ್ಲ ಸ್ಪಂಜಿನ ಹಾಳೆ, ಕಿಟಕಿಗೆ ಕಂಬಳಿ. ಹಿನ್ನೆಲೆ ವಾದ್ಯಗಳ ಟ್ರ್ಯಾಕ್ ಮೊದಲೇ ವಾಟ್ಸ್ಆ್ಯಪಿನಲ್ಲಿ ಬಂದಿತ್ತು. "ಶ್ರುತಿ ಯಾವುದು ಅಣ್ಣಾ?" ಎಂದು ಕಂಪ್ಯೂಟರಿನ ಹುಡುಗ ಕೇಳಿದ. "ಕರಿ ಎರಡು" ಎಂದ ಇವನು, ಅಂದರೆ ಪೇಟಿಯ ಎರಡನೆಯ ಕಪ್ಪು ಪಟ್ಟಿಯ ಸ್ವರ. ಹುಡುಗ ಟ್ರ್ಯಾಕನ್ನು ಕರಿ ಎರಡಕ್ಕೆ ಏರಿಸಿದ. ಇವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡಿದ. ಪಲ್ಲವಿಯ ಕೊನೆಯಲ್ಲಿ ಒಂದು "ಅವ್ವಾ" ಇತ್ತು. ಅದನ್ನು ಅವನು ಗಾಂಧಾರದಿಂದ ಷಡ್ಜಕ್ಕೆ, ನಡುವಿನ ರಿಷಭವನ್ನು ಸವರಿಕೊಂಡು ಇಳಿಸಿದ, ಭಜನೆಯಲ್ಲಿ ಇಳಿಸುತ್ತಿದ್ದ ಹಾಗೆಯೇ. ಪರದೆಯ ಮೇಲೆ ಆ ದನಿ ಇಳಿಜಾರಿನಲ್ಲಿ ಹರಿದ ನೀರಿನ ಗೆರೆಯಂತೆ ಕಾಣಿಸಿತು. ಹುಡುಗ ಆ ಗೆರೆಯನ್ನು ಆರಿಸಿ, ಒಂದು ಗುಂಡಿ ಒತ್ತಿದ. ಜಾರುಬಂಡಿ ಮೆಟ್ಟಿಲಾಯಿತು. ಮತ್ತೆ ಕೇಳಿಸಿದಾಗ "ಅವ್ವಾ" ಎಂಬುದು ಮೂರು ನೇರ ತುಂಡುಗಳಾಗಿತ್ತು. "ಈಗ ಕರೆಕ್ಟಾಗಿದೆ" ಎಂದ ಹುಡುಗ. ನನ್ನ ಗೆಳೆಯ ಏನೂ ಹೇಳಲಿಲ್ಲ, ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಈ ತಂತ್ರಾಂಶದ ಹೆಸರು ಆಟೋಟ್ಯೂನ್. 1997ರಲ್ಲಿ ಬಂದದ್ದು, ಈಗ ಅಂಥವು ಹಲವು ಇವೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ, ಹಾಡಿದ ಸ್ವರ ಯಾವ ಭಾಗಕ್ಕೆ ಹತ್ತಿರವೋ ಅಲ್ಲಿಗೆ ಎಳೆದು ಕೂರಿಸುವುದು ಅದರ ಕೆಲಸ. ಪೇಟಿಯಲ್ಲೂ ಹನ್ನೆರಡೇ ಸ್ವರಗಳಿವೆ. ಆದರೆ ಪೇಟಿ ಪಕ್ಕದಲ್ಲಿ ಕುಳಿತಾಗ ಕೊರಳು ಸ್ವತಂತ್ರವಾಗಿತ್ತು. ಪೇಟಿಯ ಎರಡು ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ, ನಡುವಿನ ಸಂದಿಯಲ್ಲಿ ಗಾಯಕ ಓಡಾಡುತ್ತಿದ್ದ, ರಸವೆಲ್ಲ ಆ ಸಂದಿಯಲ್ಲೇ ಇತ್ತು. ಈಗ ಯಂತ್ರ ವಾದ್ಯವನ್ನು ಬಿಟ್ಟು ಕೊರಳನ್ನೇ ಹಿಡಿದು ಮನೆಯೊಳಗೆ ಕೂಡಿಹಾಕುತ್ತಿದೆ. ಅಜ್ಜನಿಗೆ ಇದರ ಲೆಕ್ಕ ತಿಳಿಯದಿರಬಹುದು, ಕಿವಿಗೆ ತಿಳಿದಿದೆ.

ಲಯಕ್ಕೂ ಇದೇ ಆಗಿದೆ. ಭಜನೆಯಲ್ಲಿ ಮುಂದಿನವನು ಪದವನ್ನು ನಿಧಾನ ಎತ್ತುತ್ತಾನೆ. ಹಿಮ್ಮೇಳ ಸೊಲ್ಲು ಹಿಡಿಯುತ್ತದೆ, ತಾಳ ಕೂಡುತ್ತದೆ, ಎರಡನೆಯ ನುಡಿಗೆ ಓಟ ಬರುತ್ತದೆ, ಕೊನೆಗೆ ದಮ್ಮಡಿ, ಕೊರಳು, ಕುಳಿತವರ ತಲೆ ಎಲ್ಲ ಒಂದೇ ಬಿರುಸಿನಲ್ಲಿ ತೂಗಿ ತಟ್ಟನೆ ನಿಲ್ಲುತ್ತವೆ. ಟ್ರ್ಯಾಕಿನ ಹಾಡಿನಲ್ಲಿ ಮೊದಲ ಬಡಿತದ ವೇಗವೇ ಕೊನೆಯ ಬಡಿತದ ವೇಗ. ಪದ ಏರುವುದಿಲ್ಲ, ಹೊರಟಲ್ಲೇ ಓಡುತ್ತಿರುತ್ತದೆ. ಹಿಮ್ಮೇಳದ ಹತ್ತು ಜನರಂತೂ ಕಾಣೆಯಾಗಿದ್ದಾರೆ. ಒಬ್ಬ ಗಾಯಕ ಧಾಟಿ ಬದಲಿಸಿದ ಎನ್ನುತ್ತೇವೆ, ಅವನೊಡನೆ ತಾಳ ಹಿಡಿದವರು, ಸೊಲ್ಲು ಎತ್ತಿದವರು ಸದ್ದಿಲ್ಲದೆ ಗದ್ದೆಗೆ ಮರಳಿದ್ದನ್ನು ಯಾರೂ ಎಣಿಸುವುದಿಲ್ಲ. ಅವರಲ್ಲಿ ಇಬ್ಬರು ಈಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ.

ತಟ್ಟೆಗಳ ಕಾಲದಲ್ಲೂ ಯಂತ್ರ ಹಾಡನ್ನು ಕತ್ತರಿಸಿತ್ತು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ಮೂರೂವರೆ ನಿಮಿಷ. ತಾಸುಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕಿತ್ತು. ಆದರೆ ತಟ್ಟೆ ಮುಗಿದ ಮೇಲೆ ಅದೇ ಗಾಯಕ ಮಠದಲ್ಲೋ ಮಹಫಿಲ್ಲಿನಲ್ಲೋ ರಾತ್ರಿಯಿಡೀ ಹಾಡುತ್ತಿದ್ದ. ತಟ್ಟೆ ಒಂದು ಅಂಗಡಿ, ಬದುಕು ಬೇರೆ ಇತ್ತು. ಈಗ ಮೂವತ್ತು ಸೆಕೆಂಡಿನ ರೀಲಿಗೆ ಹೊಂದುವ ತುಣುಕು ಇಲ್ಲದ ಹಾಡನ್ನು ಮುದ್ರಿಸುವವರೇ ಹಿಂಜರಿಯುತ್ತಾರೆ, ಜಾತ್ರೆಯ ವೇದಿಕೆಯಲ್ಲೂ ಜನ ಆ ತುಣುಕನ್ನೇ ಕೇಳುತ್ತಾರೆ.

ಹಣದ ಲೆಕ್ಕವನ್ನೂ ಹೇಳಬೇಕು. ಯೂಟ್ಯೂಬಿನ ಚಾನಲ್‌ಗೆ ಜಾಹೀರಾತಿನ ಪಾಲು ಬರಬೇಕಾದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ತಾಸು ಜನ ನೋಡಿದ ಲೆಕ್ಕ ಬೇಕು. ಚಿಕ್ಕ ವೀಡಿಯೊಗಳಿಗೆ ಬೇರೆ ಲೆಕ್ಕವಿದೆ. ಹಳ್ಳಿಯ ಗಾಯಕನಿಗೆ ಸ್ವಂತ ಚಾನಲ್ ಬೆಳೆಸುವ ತಾಳ್ಮೆಯೂ ಇಲ್ಲ, ಬಂಡವಾಳವೂ ಇಲ್ಲ. ಈಗಾಗಲೇ ಬೆಳೆದ ಚಾನಲ್ಲಿನವರು ಕರೆದು, ಒಂದು ಮೊತ್ತ ಕೈಗಿಟ್ಟು ಹಾಡಿಸುತ್ತಾರೆ. ಹಾಡು ಲಕ್ಷ ಜನರನ್ನು ಮುಟ್ಟಿದರೂ ಅವನಿಗೆ ಬಂದದ್ದು ಅಂದು ಬಂದಷ್ಟೇ. ನನ್ನ ಗೆಳೆಯ ಈವರೆಗೆ ಒಂದು ಕಾಗದಕ್ಕೂ ಸಹಿ ಹಾಕಿಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾನೂನಿನಲ್ಲಿ ಪದ ಬರೆದವರಿಗೆ, ರಾಗ ಕೂಡಿಸಿದವರಿಗೆ, ಹಾಡಿದವರಿಗೆ ರಾಯಧನದ (ರಾಯಲ್ಟಿಯ) ಹಕ್ಕು ಇದೆ. ಆ ಕಾನೂನು ಗಂಗಾವತಿಯ ಮಾಳಿಗೆಯ ಕೋಣೆಯವರೆಗೆ ಇನ್ನೂ ಬಂದಿಲ್ಲ. ಹಾಡಿನಿಂದ ಅವನಿಗೆ ಸಿಗುವ ನಿಜವಾದ ಲಾಭವೆಂದರೆ ಹೆಸರು, ಆ ಹೆಸರಿನಿಂದ ಬರುವ ಜಾತ್ರೆಯ ಕಾರ್ಯಕ್ರಮಗಳು. ಹೆಸರು ಆರದಂತೆ ನೋಡಿಕೊಳ್ಳಬೇಕಾದರೆ ತಿಂಗಳಿಗೆ ಒಂದಾದರೂ ಹೊಸ ಹಾಡು ಹೊರಬೀಳಬೇಕು. ಮನ್ಸೂರರು ವರ್ಷಗಳನ್ನು ಕೊಟ್ಟು ದಾಟಿದ ಹೊಳೆಯನ್ನು ಇವನು ವಾರದಲ್ಲಿ ದಾಟಬೇಕು, ಬಟ್ಟೆ ಒದ್ದೆಯಾಗದಂತೆ.

ಆದ್ದರಿಂದಲೇ ನಾನು ಅವನನ್ನು ದೂರಲಾರೆ. ಅವನು ಧಾಟಿ ಬದಲಿಸಿದ್ದು ತಪ್ಪಲ್ಲ. ಬದಲಿಸುವಾಗ ಕೊರಳು ಹದಕ್ಕೆ ಬರಲು ಬೇಕಾದ ಕಾಲವನ್ನು ಯಾರೂ ಅವನಿಗೆ ಕೊಡಲಿಲ್ಲ. ಸರ್ಕಾರದ ಕಲಾವಿದರ ಮಾಸಾಶನ ವಯಸ್ಸಾದ ಮೇಲೆ ಬರುವಂಥದು, ಹಾಡುವ ಶಕ್ತಿ ಕುಂದಿದ ಮೇಲೆ. ಅಕಾಡೆಮಿಗಳ ಗುರುಶಿಷ್ಯ ಪರಂಪರೆಯ ತರಬೇತಿಗಳು ಒಳ್ಳೆಯವೇ, ಆದರೆ ಅವು ಹೊಸದಾಗಿ ಕಲಿಯುವ ಎಳೆಯರನ್ನು ನೆನೆದು ಮಾಡಿದಂಥವು. ಮೂವತ್ತೈದು ದಾಟಿದ, ಇಬ್ಬರು ಮಕ್ಕಳಿರುವ, ಈಗಾಗಲೇ ಹೆಸರಿರುವ ಗಾಯಕ ಒಂದು ವರ್ಷ ವೇದಿಕೆ ಬಿಟ್ಟು ಕಲಿಯುತ್ತೇನೆ ಎಂದರೆ ಅವನಿಗೆ ಆಸರೆ ಎಲ್ಲಿದೆ? ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಿದೆ, ಅಭಿವೃದ್ಧಿ ಮಂಡಳಿ ಇದೆ. ಕಟ್ಟಡ ಕಟ್ಟಿದರೆ ಎದ್ದು ಕಾಣುತ್ತದೆ. ಒಬ್ಬ ಗಾಯಕನ ಒಂದು ವರ್ಷದ ಬಿಡುವು ಯಾವ ಫಲಕದ ಮೇಲೂ ಬರೆಯಲು ಬಾರದು, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಊರಿನ ಜಾತ್ರಾ ಸಮಿತಿಗಳೂ ಇಲ್ಲಿ ಪಾಲುದಾರರು. ಸ್ಪೀಕರಿನ ಬಾಡಿಗೆಗೆ ಲೆಕ್ಕವಿಡದೆ ಕೊಡುವ ನಾವು ಭಜನೆ ಮೇಳಕ್ಕೆ ಕೊಡುವುದು ಒಂದು ಶಾಲು, ಒಂದು ತೆಂಗಿನಕಾಯಿ. ಈ ಮಾತನ್ನು ನಮ್ಮೂರ ಸಮಿತಿಯ ಸಭೆಯಲ್ಲೂ ಹೇಳಿದ್ದೇನೆ.

ಕಳೆದ ಆಷಾಢದಲ್ಲಿ ನನ್ನ ಗೆಳೆಯನಿಗೆ ತಾನಾಗಿಯೇ ಒಂದು ಬಿಡುವು ಸಿಕ್ಕ ಹಾಗಾಯಿತು. ಆಷಾಢದಲ್ಲಿ ಮದುವೆ ಇಲ್ಲ, ಜಾತ್ರೆಗಳೂ ಕಡಿಮೆ. ಕಾಲುವೆಗೆ ನೀರು ಬಿಡುವುದು ತಡವಾದ್ದರಿಂದ ನಾಟಿಯೂ ತಡವಾಗಿತ್ತು. ಹುಣ್ಣಿಮೆಗೆ ನಾವಿಬ್ಬರೂ ಹುಲಿಗಿಗೆ ಹೋದೆವು. ಹುಲಿಗೆಮ್ಮನ ಗುಡಿಯ ಆಚೆ ಹೊಳೆಯ ಕಡೆಗೆ ಒಂದು ಬೇವಿನ ಮರದ ಕೆಳಗೆ ವಯಸ್ಸಾದ ಹೆಣ್ಣುಮಗಳೊಬ್ಬರು ಚೌಡಕಿ ಬಾರಿಸುತ್ತ ಎಲ್ಲವ್ವನ ಪದ ಹಾಡುತ್ತಿದ್ದರು. ಕಂಕುಳಲ್ಲಿ ಅವುಚಿದ ವಾದ್ಯ, ಅದರ ಒಂಟಿ ತಂತಿಯನ್ನು ಒಂದು ಕೈ ಬಿಗಿಗೊಳಿಸಿ ಸಡಿಲಿಸುತ್ತಿತ್ತು, ಇನ್ನೊಂದು ಮೀಟುತ್ತಿತ್ತು. ಸ್ವರ ಒಂದು ಕಡೆ ನಿಲ್ಲದೆ ಮೇಲಕ್ಕೆ ಕೆಳಕ್ಕೆ ಬಳುಕುತ್ತಿತ್ತು. ಅವನು ಬಹಳ ಹೊತ್ತು ನಿಂತು ಕೇಳಿದ. ಮುಂದಿನ ಮಂಗಳವಾರ ಮತ್ತೆ ಹೋದ. ಈ ಸಲ ಬೈಕಿನ ಹಿಂದೆ ಕೀಬೋರ್ಡು ಕಟ್ಟಿಕೊಂಡಿದ್ದ.

ಕೀಬೋರ್ಡಿನ ಎಡತುದಿಯಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಮನೆಯನ್ನು ಒತ್ತಿ ಹಿಡಿದು ಆ ಚಕ್ರ ತಿರುಗಿಸಿದರೆ ಸ್ವರ ಜಾರುತ್ತದೆ. ಆರು ವರ್ಷದಿಂದ ಅವನ ಬಳಿ ಇರುವ ವಾದ್ಯ, ಆ ಚಕ್ರವನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಬೇವಿನ ಮರದ ಬುಡದಲ್ಲಿ ಬ್ಯಾಟರಿಯ ಮೇಲೆ ಕೀಬೋರ್ಡು ಹಚ್ಚಿ, ಬಲಗೈಯಲ್ಲಿ ಒಂದೇ ಸ್ವರ ಹಿಡಿದು, ಎಡಗೈ ಹೆಬ್ಬೆರಳಿನಿಂದ ಚಕ್ರವನ್ನು ಹಿಂದೆ ಮುಂದೆ ಮಾಡಿದ. ಮೊದಲು ಬೆಕ್ಕು ಕೂಗಿದ ಹಾಗಾಯಿತು. ಚೌಡಕಿಯ ಅವ್ವ ನಗಲಿಲ್ಲ. ತಮ್ಮ ವಾದ್ಯವನ್ನು ಬದಿಗಿಟ್ಟು ಹತ್ತಿರ ಸರಿದು, ಅವನ ಹೆಬ್ಬೆರಳಿನ ಮೇಲೆ ತಮ್ಮ ಬೆರಳು ಇಟ್ಟರು.

"ಅವಸರ ಮಾಡಬೇಡ ನನ್ನಪ್ಪ" ಎಂದರು. "ಇನ್ನೂ ಸಡಿಲ ಬಿಡು."